ಶಾಶ್ವತ ಎಂದು ಒತ್ತಿದ ಬೆರಳು

ಗೌರಕ್ಕ, ನಿನ್ನ ಗಿರಾಕಿಗಳನ್ನು ನನ್ನ ಕಡೆ ತಿರುಗಿಸಿದವಳು ನಾನೇ. ದೃಷ್ಟಿಯೂ ಅಲ್ಲ, ಗ್ರಹಚಾರವೂ ಅಲ್ಲ — ಪಕ್ಕದಲ್ಲಿ ಕೂತ ಈ ಸುಮತಿ.

ಕುಮಟೆಯ ಒಣಮೀನು ಪೇಟೆಯಲ್ಲಿ ಒಬ್ಬಳು ಊರಿಗೆ ಹೋದರೆ ಪಕ್ಕದವಳು ಅವಳ ಜಾಗ ನೋಡಿಕೊಳ್ಳಬೇಕು. ಬಂದ ಮೇಲೆ ಗಿರಾಕಿಯನ್ನು ಹಾಗೇ ಒಪ್ಪಿಸಬೇಕು. ನಮ್ಮತ್ತೆಯ ಕಾಲದಿಂದ ಬಂದ ಕಟ್ಟಳೆ ಇದು. ನಾನು ಅದನ್ನು ಮುರಿದೆ, ಕೂತಲ್ಲೇ, ಒಂದು ಬೆರಳಿನಲ್ಲಿ.

ಮೊಣಕಾಲು ನೋವೆಂದು ನೀನು ಧಾರೇಶ್ವರದ ತವರಿಗೆ ಹೊರಟಾಗ ಹೇಳಿದ್ದೆ: "ಸುಮತಿ, ಮಳೆಗಾಲ ಮುಗಿಯೋ ತನಕ ನನ್ನ ವೆಬ್‌ಸೈಟೂ ನೀನೇ ನೋಡ್ಕ. ನಂಗೆ ಅದರ ತಲೆಬುಡ ಗೊತ್ತಾಗುದಿಲ್ಲ."

"ಆತು ಗೌರಕ್ಕ."

ನಮ್ಮಿಬ್ಬರ ಪುಟಗಳನ್ನೂ ವೆಬ್‌ಸೈಟ್ ತರಬೇತಿಯಲ್ಲಿ ಕಲಿತು ಮಾಡಿದವಳು ನಾನೇ ತಾನೆ. ನಿನ್ನ ವಿಳಾಸ ಒತ್ತಿದವರು ನನ್ನ ಪುಟಕ್ಕೆ ಬರುವ ಹಾಗೆ ಮಾಡಿದೆ. ಅಲ್ಲಿಯವರೆಗೆ ತಪ್ಪಿಲ್ಲ. ಆದರೆ ದಾರಿ ತಿರುಗಿಸುವುದಕ್ಕೂ ಅಂತರ್ಜಾಲದಲ್ಲಿ ನಿಯಮವಿದೆ, ಎರಡು ಸಂಕೇತ ಸಂಖ್ಯೆಗಳಿವೆ. ೩೦೨ ಎಂದರೆ, ಅವರು ಸದ್ಯ ಇಲ್ಲ, ಪಕ್ಕದಲ್ಲಿ ಕೇಳಿ, ಮುಂದಿನ ಸಲ ಇಲ್ಲಿಗೇ ಬನ್ನಿ. ೩೦೧ ಎಂದರೆ, ಅವರು ಇಲ್ಲಿಂದ ಖಾಯಂ ಹೋದರು. ಅದನ್ನು ಕೇಳಿಸಿಕೊಂಡ ಫೋನು ಮತ್ತೆ ಹಳೇ ಬಾಗಿಲು ತಟ್ಟುವುದಿಲ್ಲ, ನೇರ ಹೊಸ ಕಡೆಗೇ ನಡೆಯುತ್ತದೆ.

ನನಗೆ ಇದೆಲ್ಲ ಗೊತ್ತಿತ್ತು. ೩೦೧ ಒತ್ತಿದೆ. ನಿನ್ನ ಸೀಗಡಿಗೆ ಭಟ್ಕಳದಿಂದೆಲ್ಲ ಕರೆ ಬರುವುದನ್ನು ನೋಡಿ ನೋಡಿ... ಹೊಟ್ಟೆಕಿಚ್ಚು, ಗೌರಕ್ಕ. ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ.

ನೀನು ಮರಳಿದ ದಿನವೇ ನಾನು ಆ ತಿರುವು ತೆಗೆದೆ. ನಿನ್ನ ಫೋನಿನಲ್ಲಿ ನಿನ್ನ ಪುಟ ಸರಿಯಾಗೇ ಕಂಡಿತು. ಮಳೆಗಾಲದಲ್ಲಿ ಅದನ್ನು ತೆರೆದಿದ್ದ ಹಳೇ ಗಿರಾಕಿಗಳ ಫೋನುಗಳು ಮಾತ್ರ ೩೦೧ನ್ನು ನೆನಪಿಟ್ಟುಕೊಂಡು ನನ್ನ ಪುಟಕ್ಕೇ ಬಂದವು. ನಂಬರನ್ನೂ ಅವರು ಪುಟ ನೋಡಿಯೇ ಒತ್ತುತ್ತಿದ್ದರು. ಪುಟದ ಮೇಲಿನ ಹೆಸರು ಯಾರು ಓದುತ್ತಾರೆ, ಎಲ್ಲರ ಕಣ್ಣೂ ಮೀನಿನ ಮೇಲೆ. "ಗೌರಕ್ಕ, ಹೋದ ಸಲದ ಸೀಗಡಿ ಚೊಲೋ ಇತ್ತು, ಅದೇ ಕಳಿಸಿ" ಎಂದು ಹಳದೀಪುರದವರು ಬರೆದರೆ "ಆತು" ಎಂದಷ್ಟೇ ಬರೆದೆ. ನಾನೇ ಗೌರಕ್ಕ ಎಂದು ಹೇಳಿಲ್ಲವಲ್ಲ — ಅದೊಂದು ಸಮಾಧಾನ ಬೇರೆ.

"ಯಾರದ್ದೋ ದೃಷ್ಟಿ ತಾಗಿದೆ ಮಾರಾಯ್ತಿ. ನಿಂದು ನೋಡು, ಎಷ್ಟು ಚೊಲೋ ನಡೀತದೆ. ನಿನ್ನ ಕೈಗುಣನೇ ಬೇರೆ" ಎಂದು ನೀನು ಫೋನಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಲು ಹೊರಟೆ. ಕೈಗುಣ ಚೊಲೋ ಎಂದು ಗಂಟು ನನ್ನಿಂದಲೇ ಹಾಕಿಸಿದೆ. ಕರೆ ಬಂದಾಗಲೆಲ್ಲ ಮೆಣಸು ಮೂಗಿಗೆ ತಾಗಿ ನೀನು ಸೀನುತ್ತಿದ್ದೆ. ಕರೆ ಮಾಡಿದವನೂ ಗಿರಾಕಿಯಲ್ಲ, ನಿನ್ನ ತಮ್ಮ. ಪೇಟೆಯೇ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಹೀಗೇ ಎರಡು ವರ್ಷ ಹೋಯಿತು. ಮೊನ್ನೆ ನೀನು ಬುಟ್ಟಿ ಮುಚ್ಚುತ್ತ ಹೇಳಿದೆ: "ಸಾಕಾತು. ಜಾಗ ಬಿಟ್ಟುಬಿಡುದೇ. ಬೇರೆಯವರಿಗೆ ಕೊಡೂಕೆ ಮನಸ್ಸಿಲ್ಲ, ನೀನೇ ಇಟ್ಕ."

ಆ ಮಾತು ಕೇಳಿದ ಮೇಲೆ ಇದನ್ನು ಬರೆಯಲು ಕೂತೆ.

ಆ ಗಿರಾಕಿಗಳೆಲ್ಲರ ಫೋನಿನ ನೆನಪನ್ನು ಅಳಿಸುವುದು ನನ್ನ ಕೈಯಲ್ಲಿಲ್ಲ. ಹಾಗಾಗಿ ನನ್ನ ಪುಟದ ಮೇಲೆ, ಮೀನಿನ ಚಿತ್ರಕ್ಕಿಂತ ದೊಡ್ಡದಾಗಿ, ನಿನ್ನ ಫೋಟೊ, ನಿನ್ನ ನಂಬರು ಹಾಕಿದ್ದೇನೆ. ಕೆಳಗೆ ಬರೆದಿದ್ದೇನೆ: ಗೌರಕ್ಕ ಎಲ್ಲಿಗೂ ಹೋಗಿಲ್ಲ, ಅವರನ್ನೇ ಕೇಳಿ.

ನಾಳೆ ಇದನ್ನು ನಿನ್ನೆದುರು ಕೂತು ಓದುತ್ತೇನೆ. ಬೈಯುವುದಾದರೆ ಪೇಟೆ ತುಂಬಿದ ಹೊತ್ತಿನಲ್ಲೇ ಬೈ, ನಡುವೆ ಬಾಯಿ ಹಾಕುವುದಿಲ್ಲ. ಮಾತು ಬಿಟ್ಟರೂ ಬಿಡು — ಜಾಗ ಮಾತ್ರ ಬಿಡಬೇಡ.