ಸೋಮಾರಿ ಸೀಸೆ

ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ದೊಡ್ಡಮ್ಮ ಎನ್ನುತ್ತಿದ್ದರು. ಒಂದು ಜಾತಿಯ ಆರ್ಕಿಡ್ ಹೂಗಿಡ, ಬಂಡೆ ಕುಸಿದು ಕಾಡಿನಲ್ಲಿದ್ದ ಕೊನೆಯದೂ ಹೋದ ಮೇಲೆ, ಉಳಿದದ್ದು ಇಲ್ಲಿನ ಗಾಜಿನ ಸೀಸೆಗಳಲ್ಲಿ ಮಾತ್ರ. ಅದರ ಚೂರುಗಳನ್ನು ಕತ್ತರಿಸಿ ಹೊಸ ಸೀಸೆಗೆ ದಾಟಿಸುವುದು ದೊಡ್ಡಮ್ಮನ ಕೆಲಸ. ಉರಿಯಲ್ಲಿ ಕಾಯಿಸಿದ ಚಾಕು ಆಕೆಯ ಕೈಯಲ್ಲಿ ಒಮ್ಮೆಯೂ ನಡುಗಿರಲಿಲ್ಲ.

ಬೇಗ ಚಿಗುರುವ ಚೂರುಗಳಿಗೆ ಜಾಣರು ಎಂದೂ ತಡವಾಗಿ ಚಿಗುರುವವಕ್ಕೆ ಸೋಮಾರಿಗಳು ಎಂದೂ ಆಕೆಯೇ ಹೆಸರಿಟ್ಟಿದ್ದಳು. ಜಾಣರು ಮುಂದಿನ ಸೀಸೆಗೆ, ಸೋಮಾರಿಗಳು ಕುದಿಯುವ ಹಂಡೆಗೆ. ಅಲ್ಲಿಯೇ ಸೀಸೆ ತೊಳೆಯುವ ಆಕೆಯ ಸೊಸೆಗೂ ಆ ಎರಡನೆಯ ಹೆಸರೇ ಅಂಟಿಕೊಂಡಿತ್ತು. "ಏನೇ ಸೋಮಾರಿ, ಸೀಸೆ ತೊಳೀತಿದ್ದೀಯೋ, ಅದಕ್ಕೆ ಜೋಗುಳ ಹಾಡ್ತಿದ್ದೀಯೋ?"

ಸೀಸೆಯಿಂದ ಕುಂಡಕ್ಕೆ ನೆಟ್ಟ ಜಾಣರು ಮೊದಲ ಹೂ ಬಿಟ್ಟ ದಿನ ದೊಡ್ಡಮ್ಮ ಒಂದೊಂದನ್ನೂ ತಿರುಗಿಸಿ ನೋಡಿದಳು. ಒಂದು ಹೂವಿಗೂ ತುಟಿಯಿರಲಿಲ್ಲ. ತುಟಿಯಂತೆ ಚಾಚಿದ ಆ ಎಸಳಿನ ಮೇಲೆಯೇ ದುಂಬಿ ಕೂರಬೇಕು, ಕೂರದಿದ್ದರೆ ಬೀಜವೆಲ್ಲಿಯದು?

"ಪದೇ ಪದೇ ಕತ್ತರಿಸಿದ್ರೆ ಕೆಲವು ಚೂರುಗಳ ವಂಶಗುಣಾನೇ ಬದಲಾಗುತ್ತೆ, ದೊಡ್ಡಮ್ಮ," ಎಂದರು ಪ್ರಯೋಗಾಲಯದ ಮುಖ್ಯಸ್ಥೆ. "ಹಾಗೆ ಬದಲಾದವೇ ಬೇಗ ಚಿಗುರಿವೆ. ಸೀಸೆ ತುಂಬ್ತಿವೆ ಅಂತ ನಾನೂ ಹಿಗ್ಗಿದ್ನೇ ಹೊರತು ಪರೀಕ್ಷೆ ಮಾಡ್ಲಿಲ್ಲ. ಸೋಮಾರಿಗಳಲ್ಲಿ ಒಂದಾದ್ರೂ ಉಳಿದಿದ್ಯಾ?"

ಒಂದನ್ನೂ ಬಿಡದೆ ಬೇಯಿಸಿದ್ದೇ ದೊಡ್ಡಮ್ಮನ ಅಚ್ಚುಕಟ್ಟುತನ. ಮಂಡಿಯೂರಿ ಕಪಾಟಿನ ತಳದ ಹಲಗೆಗಳನ್ನೂ ತಡಕಿದಳು. ಎಲ್ಲೆಲ್ಲೂ ಜಾಣರೇ.

ತೊಳೆಯುವ ಕೋಣೆಯ ಕಿಟಕಿಯ ಮೂಲೆಯಿಂದ ಸೊಸೆ ಒಂದು ಸೀಸೆ ತಂದು ಹಿಡಿದಳು.

"ಇದನ್ಯಾಕೆ ಇಟ್ಕೊಂಡಿದ್ದೆ?"

"ನೀವು ನಂಗಿಟ್ಟ ಹೆಸರೇ ಅಲ್ವಾ ಅತ್ತೆ, ಇದಕ್ಕೂ? ಹಂಡೆಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ಬೈತೀರಿ ಅಂತ ಬಚ್ಚಿಟ್ಟೆ."

ದೊಡ್ಡಮ್ಮ ಸೀಸೆಯನ್ನು ಬೆಳಕಿಗೆ ಹಿಡಿದಳು. ಸೀಸೆಯೊಳಗೆ ಬಿಳಿ ಬೂಷ್ಟು ಹಬ್ಬಿತ್ತು. ಚೂರು ಕಪ್ಪಿಟ್ಟು, ತುದಿಯಲ್ಲಿ ಸಾಸಿವೆಯಷ್ಟು ಹಸಿರು ಮಾತ್ರ ಉಳಿದಿತ್ತು. ಬೂಷ್ಟು ಅಲ್ಲಿಗೂ ಏರುವ ಮೊದಲು ಅದನ್ನು ಕತ್ತರಿಸಿ ಬಿಡಿಸಬೇಕು. ಕೂದಲೆಳೆಯಷ್ಟು ತಪ್ಪಿದರೂ ಆ ಜಾತಿ ಅಲ್ಲಿಗೆ ಮುಗಿಯಿತು.

ಚಾಕು ಕಾಯಿಸಿದಳು. ಕೈ ನಡುಗಿತು. ಮತ್ತೆ ಕಾಯಿಸಿದಳು, ಮತ್ತೆ ನಡುಗಿತು.

"ನನ್ನ ಮೊಣಕೈ ಹಿಡ್ಕೊಳ್ಳೇ. ಗಟ್ಟಿಯಾಗಿ."

"ಬದುಕುತ್ತಾ, ಅತ್ತೆ?"

"ಗೊತ್ತಿಲ್ಲ ಕಣೇ. ಅವಸರ ಮಾಡ್ಬೇಡ."

ಆ ಬಾಯಿಂದ ಅಂಥ ಮಾತನ್ನು ಸೊಸೆ ಎಂದೂ ಕೇಳಿರಲಿಲ್ಲ. ಎರಡೂ ಕೈಗಳಿಂದ ಅತ್ತೆಯ ಮೊಣಕೈಯನ್ನು ಅವುಚಿಕೊಂಡಳು. ಚಾಕು ಹಸಿರಿನತ್ತ ಇಳಿಯಿತು, ಇನ್ನೂ ನಡುಗುತ್ತಲೇ.