ಮಾವನ ಬೇಲಿಯಲ್ಲಿ ಕರೆಂಟು

“ಅಕ್ಕಾ, ಮುಟ್ಟಬ್ಯಾಡ!” ತಂಗಿ ಚೀರಿದವಳೇ ನನ್ನ ಸೆರಗು ಹಿಡಿದು ಹಿಂದಕ್ಕೆ ಜಗ್ಗಿದಳು. ಮೇಡ್ಲೇರಿ ಹತ್ತಿರ ಸೋದರಮಾವನ ಗೋವಿನಜೋಳದ ಹೊಲಕ್ಕೆ ಇಬ್ಬರೂ ಹೊರಟಿದ್ದೆವು. ಮುಂದೆ ಓಡುತ್ತಿದ್ದ ಮಾವನ ನಾಯಿ ತಂತಿಬೇಲಿಗೆ ತಾಗಿದ್ದೇ ತಡ, ಒದ್ದಾಡಿ ತಂತಿಗೇ ಅಂಟಿಕೊಂಡು ಬಿದ್ದಿತ್ತು. ಅದನ್ನು ಬಿಡಿಸಲೆಂದು ನಾನು ಕೈ ಚಾಚಿದ್ದೆ. ಬೆರಳಿಗೂ ತಂತಿಗೂ ನಡುವೆ ಒಂದು ಗೇಣೂ ಇರಲಿಲ್ಲ!

ನಮ್ಮ ಕೂಗು ಕೇಳಿ ಮಾವ ಓಡಿಬಂದು ಪಂಪಿನ ಕೋಣೆಗೆ ನುಗ್ಗಿ ಫ್ಯೂಸ್ ಕಿತ್ತ. ಅಷ್ಟರಲ್ಲಿ ನಾಯಿ ಸತ್ತಿತ್ತು.

“ಕಾಡುಹಂದಿ ಕಾಟಕ್ಕ ರಾತ್ರಿ ಕರೆಂಟ್ ಬಿಟ್ಟಿದ್ನವಾ. ಮುಂಜಾನೆ ತೆಗಿಯೂದು ಮರತೆ. ಬೇಕಂತ ಮಾಡಿದ್ದಲ್ಲ,” ಎಂದ.

ರಾಣೆಬೆನ್ನೂರಿನಲ್ಲಿ ವಕೀಲಿ ಮಾಡುವ ತಂಗಿ ಸುಮ್ಮನಾಗಲಿಲ್ಲ. “ಬೇಕಂತ ಮಾಡಿದ್ರ ಅದು ಕೊಲೆ, ಮಾಮಾ. ಮಂದಿ ಓಡಾಡೂ ದಾರಿ ಇದು. ಜೀವ ಹೋಗೂವಂಥ ಕೆಲಸದಾಗ ಹಿಂಗ ಎಚ್ಚರ ತಪ್ಪಿದ್ರ ಅದೂ ಅಪರಾಧನರೀ. ಅಕ್ಕಗ ಏನಾರ ಆಗಿದ್ರ ನಾನ ನಿಮ್ಮ ಮ್ಯಾಲೆ ಕೇಸ್ ಹಾಕತಿದ್ದೆ!”

ಮಾವ ಇಕ್ಕಳ ತಂದು ಅಲ್ಲೇ ತಂತಿ ಕತ್ತರಿಸತೊಡಗಿದ. ಸಂಜೆ, ಅವನಂತೆಯೇ ಬೇಲಿಗೆ ಕರೆಂಟ್ ಬಿಡುತ್ತಿದ್ದ ಪಕ್ಕದ ಹೊಲದವರ ಮನೆಗೂ ತಾನೇ ಹೋಗಿ ಹೇಳಿಬಂದ.

ನಿರ್ಲಕ್ಷ್ಯದಿಂದ ಸಾವು, ಬಂಧನ ಎಂಬ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ಯಾರೋ ಕೆಟ್ಟವರ ಕಥೆ ಎಂದುಕೊಳ್ಳುತ್ತಿದ್ದೆ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಮಾವನಿಂದಲೂ ಅದು ಆಗಬಹುದಿತ್ತು ಎಂದು ಆ ದಿನ ತಿಳಿಯಿತು.