ಶಿರಾಲಿಯ ಹತ್ತಿಗೆ ಬಾಳೆನಾರಿನ ಗಂಟು

೧೯೬೧ರಲ್ಲಿ ನಾನು ಭಟ್ಕಳ ತಾಲೂಕಿನಲ್ಲಿ ಹತ್ತಿ ಯೋಜನೆಯೊಂದರ ಕ್ಷೇತ್ರ ಸಹಾಯಕನಾಗಿದ್ದೆ. ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆಗೆ ಹತ್ತಿ ಬೆಳೆಯಬೇಕೆಂಬ ಯೋಚನೆ ಯಾರ ತಲೆಯಲ್ಲಿ ಹುಟ್ಟಿತೋ ಗೊತ್ತಿಲ್ಲ. ಆ ಪುಣ್ಯಾತ್ಮರು ಏಪ್ರಿಲ್‌ನಲ್ಲಿ ಈ ಕರಾವಳಿಯಲ್ಲಿ ಒಂದು ರಾತ್ರಿಯೂ ಮಲಗಿದವರಲ್ಲ. ಪ್ರಯೋಗಕ್ಕೆ ಸಿಕ್ಕಿದ್ದು ಶಿರಾಲಿಯ ಮಾದೇವಿಯಮ್ಮನ ಗದ್ದೆ. ಬೇಸಿಗೆಯಲ್ಲಿ ಅಲ್ಲಿ ಸೌತೆ, ಹರಿವೆ ಬೆಳೆದು ಪೇಟೆಗೆ ಹೊತ್ತು ಮಾರಿಯೇ ಅವರು ಮಳೆಗಾಲದ ಅಕ್ಕಿ ಕೂಡಿಡುತ್ತಿದ್ದರು. ಒಂದೇ ಬೇಸಿಗೆ ಎಂದು ನಮ್ಮ ಸಾಹೇಬರು ಅವರನ್ನು ಒಪ್ಪಿಸಿದ್ದರು.

ಹತ್ತಿ ಬಿಸಿಲಿಗೆ ಹೆದರುವ ಗಿಡವಲ್ಲ. ಬೇರಿಗೆ ನೀರಿದ್ದರೆ ಎಲೆಯ ಸೂಕ್ಷ್ಮ ರಂಧ್ರಗಳಿಂದ ತೇವ ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ. ಇದಕ್ಕೆ ಟ್ರಾನ್ಸ್‌ಪಿರೇಶನ್ ಎನ್ನುತ್ತೇವೆ. ಧಾರವಾಡದ ಒಣಗಾಳಿಯಲ್ಲಿ ಈ ಉಪಾಯ ನಡೆಯುತ್ತದೆ. ಕಡಲ ಗಾಳಿಯಲ್ಲಿ ನಮ್ಮ ಬೆವರೇ ಆರುವುದಿಲ್ಲ, ಇನ್ನು ಗಿಡದ್ದು ಆರೀತೇ? ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಕೆಡುತ್ತದೆ. ಬೆಳಿಗ್ಗೆ ಅರಳಿದ ಹೂವನ್ನು ಸವರಿದರೆ ನನ್ನ ಬೆರಳಿಗೆ ಹಳದಿ ಪುಡಿ ಹತ್ತುತ್ತಿರಲಿಲ್ಲ. ತನ್ನ ಜೀವ ಉಳಿಸಿಕೊಳ್ಳಲು ಗಿಡ ಮೊಗ್ಗು, ಎಳೆಗಾಯಿಗಳನ್ನೆಲ್ಲ ಉದುರಿಸಿತು.

ಇದನ್ನು ಹೇಳಿದರೆ ಸಾಹೇಬರು, "ಆ ಹೆಂಗಸು ನೀರು ಹಾಕಿಲ್ಲ" ಎಂದರು. ಕುಣಿಯಲಾರದವಳಿಗೆ ನೆಲ ಡೊಂಕು! ಮಾದೇವಿಯಮ್ಮ ದಿನಾ ಎರಡು ಹೊತ್ತು ಹೊಂಡದಿಂದ ಕೊಡದಲ್ಲಿ ನೀರು ಹೊತ್ತು ಹಾಕುವುದನ್ನು ನಾನು ಕಂಡಿದ್ದೆ.

ಅಷ್ಟರಲ್ಲಿ ಮೇಲಧಿಕಾರಿ ನೋಡಲು ಬರುತ್ತಾರೆಂದು ಸುದ್ದಿ ಬಂತು. ಅವರು ಒಪ್ಪಿದರೆ ಮುಂದಿನ ಬೇಸಿಗೆಗೆ ಇಡೀ ಬಯಲಿಗೆ ಹತ್ತಿ. ಮಾದೇವಿಯಮ್ಮನ ಸೌತೆಗೆ ಜಾಗವಿಲ್ಲ. ಸಾಹೇಬರು ಆಗ ಮಾಡಿದ್ದನ್ನು ಬರೆಯಲು ಈಗಲೂ ಹೇಸಿಗೆಯಾಗುತ್ತದೆ. ಘಟ್ಟದ ಮೇಲಿನಿಂದ ಗೋಣಿಚೀಲದಲ್ಲಿ ಹತ್ತಿಕಾಯಿ ತರಿಸಿದರು. ಭಟ್ಕಳದಿಂದ ಮಲ್ಲಿಗೆ ಕಟ್ಟುವ ಹೆಂಗಸರನ್ನು ಕೂಲಿಗೆ ಕರೆಸಿ, ಬಾಳೆನಾರಿನಿಂದ ಆ ಕಾಯಿಗಳನ್ನು ಗಿಡಗಳಿಗೆ ಕಟ್ಟಿಸಿದರು.

"ಥೋ, ಹೂ ಕಟ್ಟೂ ಕೈಲಿ ಇದೆಂತ ಕೆಲ್ಸ ಮಾಡ್ಸ್ತ್ರಿ!" ಎಂದು ಅವರಲ್ಲೊಬ್ಬಳು ಮುಖ ಸಿಂಡರಿಸಿದಳು. ಆದರೂ ಕೈ ಪಳಗಿದವರು. ಒಂದು ಗಂಟೂ ಮೇಲೆ ಕಾಣದಂತೆ ಕಟ್ಟಿದರು.

ಮರುದಿನ ಮೇಲಧಿಕಾರಿ ಜೀಪಿನಿಂದಿಳಿದು ಭೇಷ್ ಎಂದು, ಜೊತೆಗೆ ಬಂದವನಿಂದ ಗಿಡಗಳ ಫೋಟೋ ತೆಗೆಸಿದರು. ನನಗೆ ತಡೆಯಲಾಗಲಿಲ್ಲ. ಒಂದು ಕಾಯಿ ಕಿತ್ತು ಅವರ ಅಂಗೈಗಿಟ್ಟೆ. ಅದರ ತೊಟ್ಟಿನಿಂದ ಬಾಳೆನಾರು ಜೋತಾಡುತ್ತಿತ್ತು. ಸಾಹೇಬರ ಮುಖ ಬಿಳಿಚಿತು. ಮೇಲಧಿಕಾರಿ ಮಾತ್ರ ಅದನ್ನು ತಿರುಗಿಸಿ ನೋಡಿ, "ಫೋಟೋದಲ್ಲಿ ಕಾಣುವುದಿಲ್ಲ ಅಲ್ಲವೇ?" ಎಂದರು.

ಮಾದೇವಿಯಮ್ಮ ಮುಂದೆ ಬಂದರು. "ಫೋಟೋ ತೆಕ್ಕಂಡು ಆತಾ? ಇನ್ನು ದಾರಿ ಬಿಡಿ" ಎಂದು, ಎಲ್ಲರೆದುರೇ ಗಿಡಗಳನ್ನು ಬುಡಸಮೇತ ಕೀಳತೊಡಗಿದರು. "ನಾ ಮಳೆಗಾಲಕ್ಕೆ ಎಂತ ಉಣ್ಣೂದು? ಈ ಕಾಯಿಯಾ?"

ಬೇಲಿಯಾಚೆ ಬಯಲಿನವರೆಲ್ಲ ನಿಂತು ನೋಡುತ್ತಿದ್ದರು. ಯೋಜನೆಗೆ ಒಪ್ಪಿಗೆಯೇನೋ ಸಿಕ್ಕಿತು, ಆದರೆ ಶಿರಾಲಿಯಲ್ಲಿ ಒಬ್ಬರೂ ಗದ್ದೆ ಕೊಡಲಿಲ್ಲ. ಸಾಹೇಬರಿಗೆ ಬಡ್ತಿಯಾಯಿತು. ಮಾದೇವಿಯಮ್ಮನ ಆ ವರ್ಷದ ತರಕಾರಿ ಮಾತ್ರ ಹೋದದ್ದು ಹೋಯಿತು. ಅದನ್ನು ತುಂಬಿಕೊಡಿ ಎಂದು ನಾನು ಕೇಳಿದಾಗ ಕಚೇರಿಯಲ್ಲಿ ನಕ್ಕರು.

ಮುಂದೆ ಯಾವ ಊರಿಗೆ ಹೋದರೂ, ಬೀಜ ಬಿತ್ತುವ ಮೊದಲು ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಇದು ಕೆಟ್ಟರೆ ಯಾರ ಮನೆಯ ಒಲೆ ಆರುತ್ತದೆ? ಉತ್ತರ ಎಂದೂ ನಮ್ಮ ಕಚೇರಿಯವರ ಮನೆಯದ್ದಾಗಿರಲಿಲ್ಲ.